ನರಸಮ್ಮಜ್ಜಿಯ 15 ಸಾವಿರ ಹೆರಿಗೆಗಳು

ಸೂಲಗಿತ್ತಿ ನರಸಮ್ಮನವರ ಬಗ್ಗೆ ಯಾರು ಮಾತಾಡಿದರೂ ಮೊದಲು ಬರುವುದು ಒಂದೇ ಸಂಖ್ಯೆ. 15 ಸಾವಿರ ಹೆರಿಗೆ. ಪೇಪರಿನಲ್ಲಿ ಅದೇ, ಹಿಂದೆ ಕಟ್ಟಿರುವ ಬ್ಯಾನರಿನಲ್ಲಿ ಅದೇ, ಈಗ ನನ್ನನ್ನು ವೇದಿಕೆಗೆ ಕರೆದವರ ಮಾತಿನಲ್ಲೂ ಅದೇ. ಹಾಗಾಗಿ ಆ ಲೆಕ್ಕದಿಂದಲೇ ಶುರು ಮಾಡುತ್ತೇನೆ.

ಅವರು ಹುಟ್ಟಿದ್ದು 1920ರಲ್ಲಿ, ಪಾವಗಡ ತಾಲ್ಲೂಕಿನ ಕೃಷ್ಣಾಪುರದಲ್ಲಿ. ಮೊದಲ ಹೆರಿಗೆಗೆ ಕೈಹಾಕಿದ್ದು ಸುಮಾರು 20ನೇ ವಯಸ್ಸಿಗೆ. ಅಲ್ಲಿಂದ 70 ವರ್ಷ ಅಂತ ಇಟ್ಟುಕೊಳ್ಳಿ. 15 ಸಾವಿರವನ್ನು 70ರಿಂದ ಭಾಗಿಸಿ. ವರ್ಷಕ್ಕೆ 214 ಬರುತ್ತದೆ. ವಾರಕ್ಕೆ ನಾಲ್ಕು. ಮಳೆಗಾಲ, ಸುಗ್ಗಿ, ತಮ್ಮದೇ ಬಸುರಿ, ತಮ್ಮದೇ ಬಾಣಂತನ, ಯಾವುದಕ್ಕೂ ರಜೆ ಇಲ್ಲದೆ ವಾರಕ್ಕೆ ನಾಲ್ಕು. ಹೊಲದಲ್ಲಿ ಕೂಲಿ ಮಾಡಿಕೊಂಡು ಬದುಕಿದ ಹೆಂಗಸು. ಆಗುತ್ತಾ?

ನಾನು ಸುಳ್ಳು ಅಂತ ಹೇಳುತ್ತಿಲ್ಲ. ಬರೆದಿಟ್ಟವರು ಯಾರೂ ಇರಲಿಲ್ಲ ಅಂತ ಹೇಳುತ್ತಿದ್ದೇನೆ. ಅಜ್ಜಿಗೆ ಓದು ಬರಹ ಗೊತ್ತಿರಲಿಲ್ಲ. ಊರಿನವರಿಗೆ ಎಣಿಸುವ ಅಗತ್ಯ ಇರಲಿಲ್ಲ. "ಈ ಕಡೆ ಹುಟ್ಟಿದವರೆಲ್ಲ ಅಜ್ಜಿ ಕೈಯಲ್ಲೇ ಹುಟ್ಟಿದ್ದು" ಅನ್ನುವ ಮಾತನ್ನು ಪ್ರಶಸ್ತಿಯ ಅರ್ಜಿಯಲ್ಲಿ ಬರೆಯೋಕೆ ಆಗಲ್ಲ, ಅಲ್ಲಿ ಅಂಕಿ ಬೇಕು. ಹಾಗಾಗಿ ಅಂಕಿ ಬಂತು. ಅದು 15 ಸಾವಿರವೋ 8 ಸಾವಿರವೋ, ನನಗೆ ಅದರಿಂದ ವ್ಯತ್ಯಾಸ ಇಲ್ಲ. ನನ್ನ ತಕರಾರು ಬೇರೆ. ಈ ಸಂಖ್ಯೆ ಎಷ್ಟು ದೊಡ್ಡದು ಅಂದರೆ, ಅದನ್ನು ಕೇಳಿದ ತಕ್ಷಣ ನಾವು ಚಪ್ಪಾಳೆ ತಟ್ಟಿ ಮುಂದಿನ ಪ್ರಶ್ನೆ ಕೇಳುವುದನ್ನೇ ಮರೆತುಬಿಡುತ್ತೇವೆ. ಅವರು ಆ ಕೋಣೆಯ ಒಳಗೆ ಹೋಗಿ ಏನು ಮಾಡುತ್ತಿದ್ದರು? ಅದು ಯಾರಿಗೂ ಬೇಡ.

ಇಲ್ಲಿ ಜನನ ನೋಂದಣಿ ಫಾರಂ ನೋಡಿದವರು ಎಷ್ಟು ಜನ? ನೋಡಿದ್ದರೂ ಮಗುವಿನ ಹೆಸರು, ತಂದೆ ತಾಯಿ ಹೆಸರಿನ ಕಾಗುಣಿತ ಸರಿ ಇದೆಯಾ ಅಂತ ಮಾತ್ರ ನೋಡಿರುತ್ತೀರಿ. ಅದರಲ್ಲಿ ಹೆರಿಗೆ ಸಮಯದಲ್ಲಿ ಯಾರ ಆರೈಕೆ ಇತ್ತು ಅಂತ ಒಂದು ಕಾಲಂ ಇದೆ. ಸರ್ಕಾರಿ ಆಸ್ಪತ್ರೆ, ಖಾಸಗಿ ಆಸ್ಪತ್ರೆ, ಡಾಕ್ಟರು ಅಥವಾ ನರ್ಸು ಅಥವಾ ತರಬೇತಿ ಪಡೆದ ಸೂಲಗಿತ್ತಿ, ಸಾಂಪ್ರದಾಯಿಕ ಸೂಲಗಿತ್ತಿ, ಸಂಬಂಧಿಕರು ಅಥವಾ ಇತರರು. ಒಂದಕ್ಕೆ ಗುರುತು ಹಾಕಬೇಕು, ಅಷ್ಟೆ. ಆ ಸೂಲಗಿತ್ತಿ ಯಾರು ಅಂತ ಹೆಸರು ಬರೆಯೋಕೆ ಜಾಗ ಇಲ್ಲ. ಅದೂ ಈ ನೋಂದಣಿ ಕಾಯ್ದೆ ಬಂದದ್ದೇ 1969ರಲ್ಲಿ. ಅಷ್ಟು ಹೊತ್ತಿಗೆ ನರಸಮ್ಮ ಸುಮಾರು 30 ವರ್ಷ ಕೆಲಸ ಮಾಡಿಬಿಟ್ಟಿದ್ದರು. ಸರ್ಕಾರದ ಕಾಗದದಲ್ಲಿ ಅವರ ಹೆಸರು ಮೊದಲ ಸಲ ಗೌರವದಿಂದ ಬಂದದ್ದು ಪ್ರಶಸ್ತಿ ಪಟ್ಟಿಗಳಲ್ಲಿ, ಅವರಿಗೆ 90 ದಾಟಿದ ಮೇಲೆ.

ಸಾಲುಮರದ ತಿಮ್ಮಕ್ಕನವರನ್ನು ಇಲ್ಲಿ ಸ್ವಲ್ಪ ನೆನಪು ಮಾಡಿಕೊಳ್ಳಿ. ಹುಲಿಕಲ್ಲಿಂದ ಕುದೂರಿಗೆ ಹೋಗುವ ರಸ್ತೆಯಲ್ಲಿ ಅವರ ಆಲದ ಮರಗಳು ಇವತ್ತೂ ನಿಂತಿವೆ. ಹೋಗಿ ಎಣಿಸಬಹುದು, ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳಬಹುದು. ನರಸಮ್ಮನವರ ಕೆಲಸ ಹಾಗಲ್ಲ. ಅವರು ಎತ್ತಿಕೊಂಡ ಮಕ್ಕಳು ದೊಡ್ಡವರಾಗಿ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋದರು, ಮದುವೆಯಾಗಿ ಬೇರೆ ಊರು ಸೇರಿದರು. ತಾವು ಯಾರ ಕೈಯಲ್ಲಿ ಹುಟ್ಟಿದ್ದು ಅಂತ ಅರ್ಧ ಜನಕ್ಕೆ ಗೊತ್ತೂ ಇರಲಿಕ್ಕಿಲ್ಲ. ಹುಟ್ಟಿದ್ದು ಯಾರಿಗೆ ನೆನಪಿರುತ್ತೆ ಹೇಳಿ.

ಸರಿ, ಕೋಣೆಯ ಒಳಗೆ ಹೋಗೋಣ.

ನರಸಮ್ಮನವರಿಗೆ ಈ ಕೆಲಸ ಕಲಿಸಿದ್ದು ಅವರ ಅಜ್ಜಿ. ಆಕೆಯೂ ಸೂಲಗಿತ್ತಿ. ನರಸಮ್ಮನವರ ಐದು ಹೆರಿಗೆಗಳನ್ನು ಮಾಡಿಸಿದ್ದೂ ಅದೇ ಅಜ್ಜಿ. ಅಂದರೆ ಮೊಮ್ಮಗಳು ಈ ವಿದ್ಯೆಯನ್ನು ಪಕ್ಕದಲ್ಲಿ ನಿಂತೂ ಕಲಿತಳು, ತಾನೇ ಚಾಪೆಯ ಮೇಲೆ ಮಲಗಿಯೂ ಕಲಿತಳು. ನಾನು ನರ್ಸಿಂಗ್ ಮಕ್ಕಳಿಗೆ ಪಾಠ ಮಾಡುವವಳು. ನಮ್ಮ ಸಿಲಬಸ್ಸಿನಲ್ಲಿ ಈ ಎರಡನೇ ವಿಧಾನ ಇಲ್ಲ, ಇರೋಕೂ ಸಾಧ್ಯ ಇಲ್ಲ ಬಿಡಿ. ಆದರೆ ಹೆರಿಗೆ ಮಾಡಿಸುವವರ ಕೈ ಎಷ್ಟು ತಣ್ಣಗಿರುತ್ತೆ, ಎಲ್ಲಿ ಒತ್ತಿದರೆ ಹಿತ, ಎಲ್ಲಿ ಒತ್ತಿದರೆ ಜೀವ ಹೋಗುತ್ತೆ, ಆ ಹೊತ್ತಿನಲ್ಲಿ ಯಾರಾದರೂ ಗದರಿದರೆ ಏನಾಗುತ್ತೆ, ಇದು ಆಕೆಗೆ ತನ್ನ ಮೈಯಿಂದಲೇ ಗೊತ್ತಿತ್ತು.

12ನೇ ವಯಸ್ಸಿಗೆ ಮದುವೆ. 12 ಮಕ್ಕಳು. ಅದರಲ್ಲಿ ನಾಲ್ಕು ಮಕ್ಕಳು ತೀರಿಕೊಂಡವು. ಈ ಸಾಲನ್ನು ಅವರ ಬಗ್ಗೆ ಬಂದ ಎಲ್ಲ ಲೇಖನಗಳಲ್ಲೂ ಒಂದೇ ಉಸಿರಿನಲ್ಲಿ ಬರೆದು ಮುಂದೆ ಹೋಗುತ್ತಾರೆ. ನಾನು ಸ್ವಲ್ಪ ನಿಲ್ಲುತ್ತೇನೆ. ಮೂರರಲ್ಲಿ ಒಂದು ಮಗು. ಆ ಕಾಲದಲ್ಲಿ ಇದು ಅಪರೂಪ ಆಗಿರಲಿಲ್ಲ, ಹಾಗಂತ ನೋವು ಕಡಿಮೆಯಾಗಿತ್ತು ಅಂತ ಅಲ್ಲ. ತನ್ನ ಮಗುವನ್ನು ಮಣ್ಣು ಮಾಡಿ ಬಂದವಳು, ಇನ್ನೊಬ್ಬಳಿಗೆ ನೋವು ಶುರುವಾಗಿದೆ ಅಂತ ಯಾರೋ ಬಾಗಿಲು ತಟ್ಟಿದರೆ ಎದ್ದು ಹೋಗಬೇಕು. ಅಲ್ಲಿ ಹೋಗಿ ಧೈರ್ಯ ಹೇಳಬೇಕು. ನಗುಮುಖ ಬೇರೆ.

ಅಜ್ಜಿಯ ಜೊತೆಗೆ ಇನ್ನೊಂದು ಗುರುಪರಂಪರೆ ಇದೆ. ಅದು ನನಗೆ ಬಹಳ ಇಷ್ಟ. ಊರಿಗೆ ಬಂದು ಬಿಡಾರ ಹೂಡುತ್ತಿದ್ದ ಅಲೆಮಾರಿಗಳಿಂದ ನರಸಮ್ಮ ಗಿಡಮೂಲಿಕೆ ಔಷಧಿ ಕಲಿತರು. ನಾವು ಸಾಮಾನ್ಯವಾಗಿ ಅಲೆಮಾರಿಗಳನ್ನು ಕಂಡರೆ ಏನು ಮಾಡುತ್ತೇವೆ? ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತೇವೆ. ಈಕೆ ಅವರ ಹತ್ತಿರ ಪಾಠ ಹೇಳಿಸಿಕೊಂಡಳು. ಯೋಚನೆ ಮಾಡಿ, ಬಿಡಾರದಲ್ಲಿ ಹೆರಿಗೆ ಅಂದರೆ ಗೋಡೆ ಇಲ್ಲ, ಬಾಗಿಲಿಲ್ಲ, ನೀರು ಎಲ್ಲಿಂದಲೋ ತರಬೇಕು, ಎರಡು ದಿನ ಬಿಟ್ಟು ಬಿಡಾರವೇ ಎದ್ದು ಹೋಗುತ್ತೆ. ಅಲ್ಲಿ ಬಾಣಂತನ ಹೇಗೆ ಮಾಡುವುದು ಅಂತ ಅವರಿಗಿಂತ ಜಾಸ್ತಿ ಗೊತ್ತಿರುವವರು ಯಾರು? ಆಶಾ ಕಾರ್ಯಕರ್ತೆಯರು ಇಲ್ಲಿ ಮುಂದಿನ ಸಾಲಿನಲ್ಲೇ ಕೂತಿದ್ದೀರಿ. ಇಟ್ಟಿಗೆ ಗೂಡಿಗೆ, ಕಬ್ಬು ಕಡಿಯೋಕೆ ಬಂದ ಬಸುರಿ ಹೆಂಗಸಿಗೆ ತಾಯಿ ಕಾರ್ಡ್ ಮಾಡಿಸುವುದು ಎಷ್ಟು ಕಷ್ಟ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ವಿಳಾಸ ಇಲ್ಲದವರನ್ನು ಹುಡುಕಿಕೊಂಡು ಹೋಗುವುದು ಇವತ್ತಿಗೂ ಅಷ್ಟೇ ಕಷ್ಟದ ಕೆಲಸ.

ಪಾವಗಡದ ಬಗ್ಗೆ ಒಂದು ಮಾತು, ಹೋಗದವರಿಗಾಗಿ. ತುಮಕೂರು ಜಿಲ್ಲೆಯ ತಾಲ್ಲೂಕು ಅದು, ಆದರೆ ಮೂರು ಕಡೆ ಆಂಧ್ರ. ಮನೆಮನೆಯಲ್ಲಿ ತೆಲುಗು, ನರಸಮ್ಮನವರ ಮನೆಯಲ್ಲೂ ತೆಲುಗು. ಮಳೆ ಕಡಿಮೆ, ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಇವತ್ತು ಪಾವಗಡ ಅಂದರೆ ಜನ ಸೋಲಾರ್ ಪಾರ್ಕ್ ಅನ್ನುತ್ತಾರೆ. ಸುಮಾರು 13 ಸಾವಿರ ಎಕರೆ, 2,050 ಮೆಗಾವ್ಯಾಟ್. ಅದು ಉದ್ಘಾಟನೆಯಾಗಿದ್ದು 2018ರಲ್ಲಿ, ನರಸಮ್ಮನವರಿಗೆ ಪದ್ಮಶ್ರೀ ಬಂದದ್ದೂ ಅದೇ ವರ್ಷ. ದೇಶಕ್ಕೇ ಕರೆಂಟು ಕೊಡುವ ತಾಲ್ಲೂಕಿನಲ್ಲಿ ಆಕೆ ಬಹುತೇಕ ಹೆರಿಗೆಗಳನ್ನು ಬುಡ್ಡಿ ದೀಪದಲ್ಲೇ ಮಾಡಿಸಿರಬೇಕು. ನನಗೆ ಅಲ್ಲಿ ಹೋದಾಗಲೆಲ್ಲ ಇದೇ ತಲೆಯಲ್ಲಿ ಓಡುತ್ತೆ.

ಈಗ ಕೈಯ ವಿಷಯ. ಯಾವ ಉಪಕರಣವೂ ಇಲ್ಲದೆ, ಬಸುರಿಯ ಹೊಟ್ಟೆ ಮುಟ್ಟಿ ಮಗುವಿನ ತಲೆ ಎಲ್ಲಿದೆ, ಹೇಗೆ ಮಲಗಿದೆ, ನಾಡಿ ಹೇಗಿದೆ ಅಂತ ನರಸಮ್ಮ ಹೇಳುತ್ತಿದ್ದರು ಅಂತ ಓದಿರುತ್ತೀರಿ. ಕೆಲವರು ಇದನ್ನು ಪವಾಡ ಅನ್ನುವ ಹಾಗೆ ಬರೆಯುತ್ತಾರೆ. ದಯವಿಟ್ಟು ಹಾಗೆ ಬರೆಯಬೇಡಿ. ಪವಾಡ ಅಂದರೆ ಆಕೆಯ ಕಲಿಕೆಗೆ ಬೆಲೆ ಇಲ್ಲ ಅಂತಾಗುತ್ತೆ.

ನಮ್ಮ ನರ್ಸಿಂಗ್ ವಿದ್ಯಾರ್ಥಿಗಳು ಇಲ್ಲಿ ಹಿಂದೆ ಕೂತಿದ್ದಾರೆ, ಅವರಿಗೆ ಗೊತ್ತು. ಹೊಟ್ಟೆ ಮುಟ್ಟಿ ನೋಡುವ ನಾಲ್ಕು ಹಂತಗಳಿವೆ. ಲಿಯೋಪೋಲ್ಡ್ ಅನ್ನುವ ಜರ್ಮನ್ ಡಾಕ್ಟರ ಹೆಸರಿನಲ್ಲಿ ಕಲಿಸುತ್ತೇವೆ. ಮೊದಲು ಎರಡೂ ಕೈಯನ್ನು ಹೊಟ್ಟೆಯ ಮೇಲ್ಭಾಗದಲ್ಲಿ ಇಟ್ಟು ಅಲ್ಲಿರುವುದು ತಲೆಯೋ ಕುಂಡಿಯೋ ಅಂತ ನೋಡಬೇಕು. ತಲೆಯಾದರೆ ಗಟ್ಟಿಯಾಗಿ ದುಂಡಗೆ ಸಿಗುತ್ತೆ, ಸ್ವಲ್ಪ ತಳ್ಳಿದರೆ ಕುಣಿಯುತ್ತೆ. ಕುಂಡಿಯಾದರೆ ಮೆತ್ತಗಿರುತ್ತೆ. ಆಮೇಲೆ ಎರಡು ಪಕ್ಕ. ಒಂದು ಕಡೆ ಉದ್ದಕ್ಕೆ ನುಣುಪಾಗಿ ಬೆನ್ನು, ಇನ್ನೊಂದು ಕಡೆ ಗಂಟುಗಂಟಾಗಿ ಕೈಕಾಲು. ಆಮೇಲೆ ಕೆಳಗೆ ಏನಿದೆ, ಕೊನೆಗೆ ಅದು ಎಷ್ಟು ಇಳಿದಿದೆ. ಇಷ್ಟೇ. ನರಸಮ್ಮನವರ ಅಜ್ಜಿ ಮಾಡುತ್ತಿದ್ದದ್ದೂ ಹೆಚ್ಚುಕಮ್ಮಿ ಇದೇ. ಲಿಯೋಪೋಲ್ಡರ ಹೆಸರು ಮಾತ್ರ ಅವರಿಗೆ ಗೊತ್ತಿರಲಿಲ್ಲ. ನಮ್ಮ ಮಕ್ಕಳು ಈಗ ಸ್ಕ್ಯಾನಿಂಗ್ ರಿಪೋರ್ಟ್ ಮೊದಲು ಓದಿ ಆಮೇಲೆ ಹೊಟ್ಟೆ ಮುಟ್ಟುತ್ತಾರೆ. ರಿಪೋರ್ಟಿನಲ್ಲಿ ಇದ್ದದ್ದೇ ಕೈಗೆ ಸಿಗುತ್ತೆ, ಏನಾಶ್ಚರ್ಯ!

ಕೈಗಿಂತ ದೊಡ್ಡದು ಕಾಯುವುದು. ಚೊಚ್ಚಲ ಹೆರಿಗೆ ಅಂದರೆ ಹನ್ನೆರಡು ಗಂಟೆ, ಕೆಲವೊಮ್ಮೆ ಹದಿನೆಂಟು ಗಂಟೆ. ಅಷ್ಟು ಹೊತ್ತಿನಲ್ಲಿ ಸೂಲಗಿತ್ತಿ ಮಾಡುವ ಕೆಲಸ ಏನು ಅಂತ ಹೊರಗಿನವರು ನೋಡಿದರೆ ಏನೂ ಇಲ್ಲ. ಸುಮ್ನೆ ಕೂತಿರುತ್ತಾಳೆ. ಸೊಂಟ ನೀವುತ್ತಾಳೆ, ನೀರು ಕುಡಿಸುತ್ತಾಳೆ, ಓಡಾಡು ಅನ್ನುತ್ತಾಳೆ, ಯಾರದೋ ಮನೆ ಸುದ್ದಿ ಹೇಳಿ ನಗಿಸುತ್ತಾಳೆ, ಗಾಬರಿಯಿಂದ ಇಣುಕುವ ಅತ್ತೆಯನ್ನು ಹೊರಗೆ ಕಳಿಸುತ್ತಾಳೆ. ಎದ್ದು ಹೋಗುವುದಿಲ್ಲ, ಅದು ಮುಖ್ಯ.

ಇದಕ್ಕೆ ಆಧಾರ ಇದೆಯಾ ಅಂತ ಕೇಳಬಹುದು. ಇದೆ. ಹೆರಿಗೆಯ ಉದ್ದಕ್ಕೂ ಒಬ್ಬರು ಬಿಡದೆ ಜೊತೆಗಿದ್ದರೆ ಏನಾಗುತ್ತೆ ಅಂತ ಬೇರೆ ಬೇರೆ ದೇಶಗಳಲ್ಲಿ ನಡೆದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ಕಾಕ್ರೇನ್ ಸಂಸ್ಥೆಯವರು 2017ರಲ್ಲಿ ನೋಡಿದರು. 17 ದೇಶ, 26 ಅಧ್ಯಯನ, 15 ಸಾವಿರಕ್ಕೂ ಹೆಚ್ಚು ಹೆಂಗಸರು. ಹೌದು, ಮತ್ತೆ ಅದೇ 15 ಸಾವಿರ, ನಾನೇನೂ ಬೇಕಂತ ಸೇರಿಸಿದ್ದಲ್ಲ! ಜೊತೆಗೊಬ್ಬರು ಇದ್ದಾಗ ಸಹಜ ಹೆರಿಗೆ ಜಾಸ್ತಿ, ಸಿಸೇರಿಯನ್ ಕಡಿಮೆ, ನೋವಿನ ಹೊತ್ತೂ ಸ್ವಲ್ಪ ಕಡಿಮೆ, ಹೆತ್ತವಳಿಗೆ ಆ ಅನುಭವದ ಬಗ್ಗೆ ಬೇಸರವೂ ಕಡಿಮೆ ಅಂತ ಕಂಡುಬಂತು. ಕೂತಿರುವುದೂ ಒಂದು ಚಿಕಿತ್ಸೆ. ನಮ್ಮಲ್ಲಿ ಅದನ್ನು ಕೆಲಸ ಅಂತ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ, ಅಷ್ಟೆ.

ಇಲ್ಲಿಯವರೆಗೆ ಕೇಳಿದವರಿಗೆ, ಅಯ್ಯೋ ಹಳೆಯ ಕಾಲವೇ ಚೆನ್ನಾಗಿತ್ತು ಅಂತ ಅನ್ನಿಸಿದ್ದರೆ ನಾನು ಈಗ ಅದಕ್ಕೆ ತಣ್ಣೀರು ಹಾಕುತ್ತೇನೆ.

ಚೆನ್ನಾಗಿರಲಿಲ್ಲ. ಹೊಕ್ಕುಳ ಬಳ್ಳಿಯನ್ನು ಕುಡುಗೋಲಿನಲ್ಲಿ, ಬಿದಿರಿನ ಸಿಬಿರಿನಲ್ಲಿ, ಕೈಗೆ ಸಿಕ್ಕಿದ್ದರಲ್ಲಿ ಕತ್ತರಿಸುತ್ತಿದ್ದರು. ಅದರ ಮೇಲೆ ಬೂದಿ, ಸಗಣಿ ಮೆತ್ತುತ್ತಿದ್ದ ಕಡೆಗಳೂ ಇದ್ದವು. ಚೆನ್ನಾಗಿ ಹಾಲು ಕುಡಿಯುತ್ತಿದ್ದ ಮಗು ಏಳೆಂಟು ದಿನಕ್ಕೆ ಬಾಯಿ ಬಿಗಿದು, ಮೈ ಬಿಲ್ಲಿನ ಹಾಗೆ ಸೆಟೆದು ಹೋಗಿಬಿಡುತ್ತಿತ್ತು. ದೃಷ್ಟಿ, ಗಾಳಿ, ದೇವರ ಕಾಟ ಅಂತ ಹೇಳುತ್ತಿದ್ದರು. ಅದು ಧನುರ್ವಾಯು. ಅದನ್ನು ತಡೆಯೋಕೆ ಬಸುರಿಯರಿಗೆ ಚುಚ್ಚುಮದ್ದು ಬೇಕಾಯಿತು. ಹಳ್ಳಿಯ ಸೂಲಗಿತ್ತಿಯರಿಗೆ ತರಬೇತಿ ಕೊಟ್ಟು, ಕಿಟ್ ಕೊಟ್ಟು, ಕೈ ತೊಳಿ, ನೆಲ ಶುಚಿ ಮಾಡು, ಹೊಸ ಬ್ಲೇಡು, ಶುಚಿಯಾದ ದಾರ, ಕತ್ತರಿಸಿದ ಬಳ್ಳಿಗೆ ಏನೂ ಮೆತ್ತಬೇಡ ಅಂತ ಐದು ಶುಚಿಗಳ ಪಾಠ ಹೇಳಬೇಕಾಯಿತು. ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ಭಾರತ ನಿವಾರಿಸಿದೆ ಅಂತ ಘೋಷಣೆಯಾಗಿದ್ದು 2015ರಲ್ಲಿ. ಮೊನ್ನೆ ಮೊನ್ನೆ.

ಅದಕ್ಕಿಂತ ಭಯಂಕರ ರಕ್ತಸ್ರಾವ. ಮಗು ಹುಟ್ಟಿತು, ಎಲ್ಲರೂ ಖುಷಿಯಲ್ಲಿದ್ದಾರೆ, ಮಾಸು ಬೀಳಲಿಲ್ಲ, ಅಥವಾ ಬಿದ್ದ ಮೇಲೂ ಗರ್ಭಕೋಶ ಬಿಗಿಯಾಗಲಿಲ್ಲ. ಎರಡು ಗಂಟೆ ಸಾಕು, ತಾಯಿ ಹೋಗಿಬಿಡಬಹುದು. ಇಲ್ಲಿ ಎಷ್ಟು ಜಾಣ ಕೈಯಾದರೂ ಒಂದು ಮಿತಿ ಇದೆ. ಗರ್ಭಕೋಶ ಬಿಗಿಯುವಂತೆ ಮಾಡುವ ಆಕ್ಸಿಟೋಸಿನ್ ಔಷಧಿ ಬೇಕು, ರಕ್ತ ಬೇಕು, ಕೆಲವೊಮ್ಮೆ ಆಪರೇಷನ್ ಬೇಕು. ಕರ್ನಾಟಕದಲ್ಲಿ 2001-03ರ ಹೊತ್ತಿಗೆ ಪ್ರತಿ ಒಂದು ಲಕ್ಷ ಜೀವಂತ ಜನನಕ್ಕೆ 228 ತಾಯಂದಿರು ಸಾಯುತ್ತಿದ್ದರು. 2018-20ಕ್ಕೆ ಅದು 69ಕ್ಕೆ ಇಳಿಯಿತು. ನಡುವೆ ಏನಾಯಿತು? 2005ರಲ್ಲಿ ಆಸ್ಪತ್ರೆ ಹೆರಿಗೆಗೆ ಹಣ ಕೊಡುವ ಜನನಿ ಸುರಕ್ಷಾ ಯೋಜನೆ ಬಂತು, ಹಳ್ಳಿಗೊಬ್ಬರು ಆಶಾ ಬಂದರು, 2008ರಲ್ಲಿ 108 ಆಂಬುಲೆನ್ಸ್ ಬಂತು. ಈಗ ರಾಜ್ಯದಲ್ಲಿ 100ಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲಿ ಆಗುತ್ತಿವೆ. ನನಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇರೆ ಇಲ್ಲ. ನರಸಮ್ಮನವರನ್ನು ನೆನೆಯುವುದು ಅಂದರೆ ಮನೆ ಹೆರಿಗೆಗೆ ಪ್ರಚಾರ ಮಾಡುವುದು ಅಂತ ಯಾರಾದರೂ ತಿಳಿದಿದ್ದರೆ, ಬೇಡ. ಯೂಟ್ಯೂಬ್ ನೋಡಿ ಮನೆಯಲ್ಲೇ ಹೆರಿಗೆ ಮಾಡುವ ಹೊಸ ಶೋಕಿಯ ಸುದ್ದಿ ಬಂದಾಗ ನನಗೆ ಹೊಟ್ಟೆ ಉರಿಯುತ್ತೆ. ಅದಕ್ಕೆ ಈ ಅಜ್ಜಿಯ ಹೆಸರು ಬಳಸಬೇಡಿ.

ಇನ್ನೊಂದು ಕಹಿ ವಿಷಯ. ಈ ಕೆಲಸ ಯಾರು ಮಾಡುತ್ತಿದ್ದರು ಅಂತ ಯೋಚಿಸಿದ್ದೀರಾ? ಹೆರಿಗೆ ಅಂದರೆ ಪುರುಡು, ಮೈಲಿಗೆ. ಬಳ್ಳಿ ಕತ್ತರಿಸುವುದು, ಮಾಸು ಹೂಳುವುದು, ರಕ್ತದ ಬಟ್ಟೆ ಒಗೆಯುವುದು ಮೈಲಿಗೆಯ ಕೆಲಸ. ಹಾಗಾಗಿ ಎಷ್ಟೋ ಊರುಗಳಲ್ಲಿ ಅದು ಕೆಳಗಿನ ಜಾತಿ ಅಂತ ದೂರ ಇಟ್ಟವರ ಪಾಲಿಗೆ ಬಂತು. ಹಗಲು ಹೊತ್ತು ಜಗಲಿ ಹತ್ತಬಾರದು ಅಂದವರೇ ನಡುರಾತ್ರಿ ಹೋಗಿ ಕರೆಯುತ್ತಿದ್ದರು. ಆಕೆ ಒಳಮನೆಗೆ ಬರುತ್ತಿದ್ದಳು, ಮಗುವನ್ನು ಮೊದಲು ಮುಟ್ಟುತ್ತಿದ್ದಳು. ಮಗು ಸ್ನಾನ ಆದ ಮೇಲೆ ಮತ್ತೆ ಆಕೆ ಹೊರಗೆ. ಸೂಲಗಿತ್ತಿಯರನ್ನು ಮಾತೆ, ದೇವತೆ ಅಂತ ಹೊಗಳುವ ಭಾಷಣಗಳಲ್ಲಿ ಈ ಭಾಗ ಯಾವಾಗಲೂ ಬಿಟ್ಟು ಹೋಗುತ್ತೆ.

ಹೊಗಳಿಕೆ ಅಂದ ಕೂಡಲೇ ನೆನಪಾಯಿತು. "ಒಂದು ಪೈಸೆ ತೆಗೆದುಕೊಳ್ಳದೆ" ಅನ್ನುವ ಮಾತು. ನರಸಮ್ಮ ಹಣ ತೆಗೆದುಕೊಳ್ಳಲಿಲ್ಲ, ನಿಜ. ಅದು ಆಕೆಯ ದೊಡ್ಡತನ. ಆದರೆ ನಾವು ಅದನ್ನು ಇಷ್ಟು ಸಂತೋಷದಿಂದ ಹೇಳುತ್ತೇವಲ್ಲ, ಅದು ನನಗೆ ಸ್ವಲ್ಪ ಇರುಸುಮುರುಸು. ಹೆಂಗಸರು ಮಾಡುವ ಆರೈಕೆಯ ಕೆಲಸ ಪುಕ್ಕಟೆಯಾದರೆ ಅದಕ್ಕೆ ಸೇವೆ ಅಂತ ಹೆಸರು, ದುಡ್ಡು ಕೇಳಿದರೆ ದುರಾಸೆ ಅಂತ ಹೆಸರು. ಇಲ್ಲಿ ಕೂತಿರುವ ಆಶಾ ಅಕ್ಕಂದಿರನ್ನೇ ನೋಡಿ. ಸರ್ಕಾರದ ಲೆಕ್ಕದಲ್ಲಿ ಇವರು ನೌಕರರಲ್ಲ, ಸ್ವಯಂಸೇವಕಿಯರು. ತಿಂಗಳಿಗೆ 15 ಸಾವಿರ ಖಚಿತವಾಗಿ ಸಿಗಲಿ ಅಂತ ಕೇಳೋಕೆ 2025ರ ಜನವರಿಯ ಚಳಿಯಲ್ಲಿ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂರಬೇಕಾಯಿತು. ನರಸಮ್ಮನವರ ಫೋಟೋಗೆ ಹಾರ ಹಾಕುವವರು ಆ ದಿನ ಅಲ್ಲಿಗೂ ಒಮ್ಮೆ ಹೋಗಿ ಬರಬಹುದಿತ್ತು. ಹೋಗಲಿ ಬಿಡಿ, ಚಪ್ಪಾಳೆ ಬೇಡ, ಮುಂದೆ ಹೋಗೋಣ.

ಪ್ರಶಸ್ತಿಗಳ ವಿಷಯ ಬೇಗ ಮುಗಿಸುತ್ತೇನೆ, ಎಲ್ಲರಿಗೂ ಗೊತ್ತಿರುವುದೇ. ತುಮಕೂರು ವಿಶ್ವವಿದ್ಯಾಲಯ 2014ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು. 2018ರಲ್ಲಿ ಪದ್ಮಶ್ರೀ. ಅದೇ ವರ್ಷ ಡಿಸೆಂಬರ್ 25ರಂದು ಬೆಂಗಳೂರಿನಲ್ಲಿ ತೀರಿಕೊಂಡರು, 98 ವರ್ಷ. ಅವರು ಸುಮ್ಮನೆ ಕೆಲಸ ಮಾಡಿ ಹೋಗಲಿಲ್ಲ, ಬೇರೆ ಹೆಂಗಸರಿಗೂ ಕಲಿಸಿದರು ಅನ್ನುವುದನ್ನು ಮಾತ್ರ ಸೇರಿಸಬೇಕು. ಅಜ್ಜಿ ಕೊಟ್ಟದ್ದನ್ನು ತನ್ನ ಹತ್ತಿರವೇ ಇಟ್ಟುಕೊಳ್ಳಲಿಲ್ಲ.

ಅದೇ ಡಿಸೆಂಬರ್ ತಿಂಗಳಲ್ಲಿ ಕೇಂದ್ರ ಸರ್ಕಾರ ಮಿಡ್‌ವೈಫರಿ ಸೇವೆಗೆ ಮಾರ್ಗಸೂಚಿ ಬಿಡುಗಡೆ ಮಾಡಿತು. ನರ್ಸಿಂಗ್ ಓದಿದವರಿಗೆ 18 ತಿಂಗಳ ಪ್ರತ್ಯೇಕ ತರಬೇತಿ, ಆಮೇಲೆ ತೊಂದರೆ ಇಲ್ಲದ ಸಹಜ ಹೆರಿಗೆಗಳನ್ನು ಅವರೇ ನೋಡಿಕೊಳ್ಳುವುದು, ಡಾಕ್ಟರು ಬೇಕಾದಾಗ ಮಾತ್ರ. ನನ್ನ ಹಿಂದಿನ ಸಾಲಿನ ಮಕ್ಕಳಿಗೆ ನಾನು ಹೇಳುವುದು ಇದನ್ನೇ: ಆ ತರಬೇತಿಗೆ ಹೋಗಿ. ಆಸ್ಪತ್ರೆಯ ಔಷಧಿ, ರಕ್ತ, ಆಪರೇಷನ್ ಥಿಯೇಟರ್ ಹತ್ತಿರ ಇರಲಿ, ಜೊತೆಗೆ ಹನ್ನೆರಡು ಗಂಟೆ ಎದ್ದು ಹೋಗದೆ ಕೂರುವ ಒಬ್ಬಳೂ ಇರಲಿ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು ಅಂತ ಯಾರೂ ಹೇಳಿಲ್ಲ. ರಾಜ್ಯದಲ್ಲಿ ಈಗ ಹತ್ತಿರ ಹತ್ತಿರ ಮೂರಕ್ಕೆ ಒಂದು ಹೆರಿಗೆ ಸಿಸೇರಿಯನ್. ಅದರಲ್ಲಿ ಎಷ್ಟು ಬೇಕಿದ್ದದ್ದು, ಎಷ್ಟು ಕಾಯೋಕೆ ಪುರಸೊತ್ತಿಲ್ಲದೆ ಆದದ್ದು ಅನ್ನುವ ಪ್ರಶ್ನೆಯನ್ನು ಇಲ್ಲಿರುವ ಡಾಕ್ಟರುಗಳಿಗೇ ಬಿಡುತ್ತೇನೆ.

ಮಾತು ಮುಗಿದ ಮೇಲೆ ಸಭೆಯಲ್ಲಿ ಒಬ್ಬ ಹೆಣ್ಣುಮಗಳು ಎದ್ದು ಕೇಳಿದಳು: "ನನಗೆ ಮುಂದಿನ ತಿಂಗಳು ಡೇಟ್ ಇದೆ. ನಮ್ಮ ಅಜ್ಜಿ ಜೊತೆಗಿರಬೇಕು ಅಂತ ಆಸೆ. ಆಸ್ಪತ್ರೆಯಲ್ಲಿ ಹೆರಿಗೆ ಕೋಣೆಗೆ ಯಾರನ್ನೂ ಬಿಡಲ್ಲ ಅಂತಾರಲ್ಲ?"

ಬಿಡಬೇಕಮ್ಮ. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ ಹೊತ್ತಿಗೆ ಒಬ್ಬ ಹೆಣ್ಣು ಸಂಬಂಧಿಯನ್ನು ಜೊತೆಗೆ ಬಿಡಬಹುದು ಅಂತ ಕೇಂದ್ರ ಆರೋಗ್ಯ ಇಲಾಖೆ 2016ರಲ್ಲೇ ಹೇಳಿದೆ. ನಿಯಮಗಳು ಕಷ್ಟದ್ದೇನಲ್ಲ. ಬರುವವರಿಗೆ ಅಂಟುರೋಗ ಇರಬಾರದು, ಶುಚಿಯಾದ ಬಟ್ಟೆ ಹಾಕಿರಬೇಕು, ಕೊನೆಯವರೆಗೂ ಜೊತೆಗಿರೋಕೆ ತಯಾರಿರಬೇಕು, ಸಿಬ್ಬಂದಿಯ ಕೆಲಸಕ್ಕೆ ಅಡ್ಡ ಬರಬಾರದು. ಸ್ವತಃ ಹೆತ್ತ ಅನುಭವ ಇರುವವರಾದರೆ ಒಳ್ಳೆಯದು ಅಂತಲೂ ಇದೆ. ಇದೆಲ್ಲ ನಿಮ್ಮ ಅಜ್ಜಿಗೆ ಆಗುತ್ತೆ ಅಲ್ವಾ? ಮುಂದಿನ ಸಲ ಚೆಕಪ್‌ಗೆ ಹೋಗುವಾಗ ಅಜ್ಜಿಯನ್ನೂ ಕರೆದುಕೊಂಡು ಹೋಗಿ, ಅಲ್ಲಿನ ಸಿಸ್ಟರಿಗೆ ಮುಖ ಪರಿಚಯ ಮಾಡಿಸಿ, ಇವರೇ ಬರುತ್ತಾರೆ ಅಂತ ಮೊದಲೇ ಹೇಳಿಡಿ. ನೋವು ಶುರುವಾದ ಮೇಲೆ ಬಾಗಿಲಲ್ಲಿ ನಿಂತು ವಾದ ಮಾಡೋಕಾಗಲ್ಲ. ಅಜ್ಜಿಗೆ ಹೊತ್ತಿಗೆ ಸರಿಯಾಗಿ ಊಟ ಮಾಡಿಸಿ ಕರೆದುಕೊಂಡು ಬನ್ನಿ, ರಾತ್ರಿಯೆಲ್ಲ ಕೂರಬೇಕಾಗಬಹುದು.